ಆರ್ಕಿಡ್ ಕೊಳೆತದ್ದು ಯಾರ ಕೈಯಿಂದ

ಬಿಟ್ಟಂಗಾಲ
12 ಸೆಪ್ಟೆಂಬರ್ 2024, ಗುರುವಾರ

ಪ್ರೀತಿಯ ದಿವ್ಯಾ,

ಕಾಗದದ ಮೊದಲ ಸಾಲಿನಲ್ಲಿ ‘ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು ಅಂತ ನಮಗೆ ಶಾಲೆಯಲ್ಲಿ ಕಲಿಸಿದ್ದರು. ನಿನ್ನ ಮಾವನಿಗೆ ಶೀತ, ನನಗೆ ಮಂಡಿನೋವು, ನಿನ್ನ ಗಂಡನಿಗೆ ಮೌನವ್ರತ. ಈ ಮೂರನ್ನು ಬಿಟ್ಟರೆ ಕ್ಷೇಮ. ಪ್ರತಿ ಭಾನುವಾರ ಬೈಕ್ ಹತ್ತಿ ಕುಶಾಲನಗರದಾಚೆ ನಿನ್ನ ತವರಿಗೆ ಬಂದು ನಿನ್ನನ್ನು ನೋಡಿಕೊಂಡು ಹೋಗುವ ಪ್ರಜ್ಞೇಶ, ಮನೆಗೆ ಬಂದ ಮೇಲೆ ನೀನು ಹೇಗಿದ್ದೀ ಎಂದು ಕೇಳಿದರೆ ‘ಇದ್ದಾಳೆ’ ಎಂದಷ್ಟೇ ಹೇಳಿ ಮಹಡಿ ಹತ್ತುತ್ತಾನೆ. ಹೆತ್ತ ಮಗನ ಬಾಯಿಂದ ಎರಡನೇ ಶಬ್ದ ತೆಗೆಸಲು ನನ್ನಿಂದ ಆಗಲಿಲ್ಲ.

ಫೋನ್ ಯಾಕೆ ಮಾಡಲಿಲ್ಲ ಎಂದು ನೀನು ಕೇಳಬಹುದು. ಫೋನಿನಲ್ಲಿ ನನ್ನ ನಾಲಿಗೆ ಮುಂದೆ, ಬುದ್ಧಿ ಹಿಂದೆ. ಅದು ನಿನಗೆ ಚೆನ್ನಾಗಿಯೇ ಗೊತ್ತಿದೆ. ಬರೆಯುವಾಗ ಕೈ ನಿಧಾನ, ಬೇಡದ್ದನ್ನು ಹೊಡೆದು ಹಾಕಬಹುದು. ಅದಕ್ಕೇ ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ, ಉಳಿದಿರುವ ನನ್ನ ಆರ್ಕಿಡ್‌ಗಳ ಎದುರಿಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಮೊದಲು ಗಿಡಗಳ ವಿಷಯ ಹೇಳುತ್ತೇನೆ. ನಡುವೆ ಓದುವುದನ್ನು ನಿಲ್ಲಿಸಬೇಡ.

ನೀನು ಹೊರಡುವಾಗ ಮೂವತ್ತೇಳು ಕುಂಡಗಳಲ್ಲಿ ಹದಿನೆಂಟು ಹೋಗಿದ್ದವು. ನೀನು ಹೋಗಿ ಎರಡು ವಾರದೊಳಗೆ ಇನ್ನೂ ಹತ್ತು ಹೋದವು. ಕೆಲವುಗಳ ಎಲೆ ಸುಟ್ಟಿತ್ತು, ಉಳಿದದ್ದರದ್ದೆಲ್ಲ ಒಂದೇ ಕಥೆ. ಹೊಸ ಚಿಗುರಿನ ಬುಡದಲ್ಲಿ ಬಿಸಿನೀರು ತಾಗಿದ ಹಾಗೆ ಒಂದು ಒದ್ದೆ ಕಲೆ. ಮರುದಿನಕ್ಕೆ ಅದು ಕಪ್ಪಾಗಿ ಸುತ್ತ ಹಳದಿ ಅಂಚು. ಮೂರನೇ ದಿನ ಮುಟ್ಟಿದರೆ ಚಿಗುರು ಕೈಗೇ ಬರುತ್ತದೆ. ಆಗಲೇ ನನಗೆ ಹೊಳೆಯಬೇಕಿತ್ತು. ನೀನು ಮನೆಯಲ್ಲೇ ಇಲ್ಲ, ನಿನ್ನ ಕೈ ಗಿಡಕ್ಕೆ ತಾಗಿ ದಿನಗಳಾಗಿವೆ, ಕೊಳೆ ಮಾತ್ರ ತನ್ನ ಪಾಡಿಗೆ ಒಂದು ಕುಂಡದಿಂದ ಇನ್ನೊಂದಕ್ಕೆ ದಾಟುತ್ತಿದೆ. ಹೊಳೆಯಲಿಲ್ಲ. ನೀನು ಹಿಂದೆ ಹಾಕಿದ ನೀರಿನ ದೋಷ ಇನ್ನೂ ಇಳಿದಿಲ್ಲ ಎಂದುಕೊಂಡೆ. ನೋಡು, ಎಂಥಾ ಹೆಂಗಸು ನಾನು.

ಇನ್ನು ಮುಂದೆ ಬರೆಯುವುದೆಲ್ಲ ನಿನಗೆ ಗೊತ್ತಿರುವುದೇ. ಆದರೂ ನನ್ನ ಕೈಯಲ್ಲೇ ಬರೆದು ಕೊಡಬೇಕು ಅನ್ನಿಸಿದೆ. ಮೇ ತಿಂಗಳಲ್ಲಿ ಎಲ್ಲ ಗಿಡಗಳನ್ನೂ ಹೊಸ ತೆಂಗಿನ ಸಿಪ್ಪೆಗೆ ಬದಲಾಯಿಸಿದವಳು ನಾನು. ಸಿಪ್ಪೆ ನೀರು ಹಿಡಿದುಕೊಳ್ಳುತ್ತದೆ ಅತ್ತೆ, ಮಳೆಗಾಲಕ್ಕೆ ಇದ್ದಿಲು, ಇಟ್ಟಿಗೆ ಚೂರು ಒಳ್ಳೆಯದಲ್ಲವಾ ಎಂದು ನೀನು ಕೇಳಿದ್ದೆ. ಮಳೆ ಜೋರಾದಾಗ ಜಗಲಿಯ ಮೂರೂ ಬದಿಗೆ ಪ್ಲಾಸ್ಟಿಕ್ ಶೀಟು ಕಟ್ಟಿಸಿದವಳು ನಾನು. ಇರಚಲು ಹೊಡೆಯದಿರಲಿ ಎಂದು ಕಟ್ಟಿಸಿದ್ದು, ಗಾಳಿಯೂ ಬರದ ಹಾಗಾಯಿತು. ದಿನಾ ಸಂಜೆ ಮೇಲಿನಿಂದ ನೀರು ಚಿಮುಕಿಸು ಎಂದು ನಿನಗೆ ಹೇಳಿದವಳೂ ನಾನೇ.

ಮೊದಲ ಕಪ್ಪು ಕಲೆ ಕಂಡಾಗ ನನಗೆ ನೆನಪಾದದ್ದು ಕರಿಮೆಣಸಿನ ಬಳ್ಳಿ. ಈ ಮನೆಗೆ ಬಂದು ಮೂವತ್ತಾರು ವರ್ಷ ತೋಟ ಮಾಡಿದವಳಿಗೆ ಕೊಳೆ ಎಂದರೆ ಒಂದೇ ಮದ್ದು, ಬೋರ್ಡೋ. ಮೈಲುತುತ್ತು, ಸುಣ್ಣ, ನೀರು. ಕಾಫಿಗೂ ಅದೇ, ಮೆಣಸಿಗೂ ಅದೇ. ಬಳ್ಳಿಗಳಿಗೆ ಹೊಡೆದು ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಬಕೆಟ್ಟಿನಲ್ಲಿ ತಂದೆ. ಕತ್ತಿಯ ಅಲಗನ್ನು ಅದ್ದಿ, ತುಕ್ಕಿನ ಬಣ್ಣ ಹತ್ತದ್ದನ್ನು ನೋಡಿ, ಸುಣ್ಣ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡೆ. ಅದೇ ಕತ್ತಿಯಿಂದ ಒಂದು ಕುಂಡದ ಕೊಳೆತ ಚಿಗುರು ಕತ್ತರಿಸಿ, ಸೆರಗಿಗೆ ಒರೆಸಿ, ಮುಂದಿನ ಕುಂಡಕ್ಕೆ ಹೋದೆ. ಕೊನೆಗೆ ಎಲ್ಲದರ ಮೇಲೂ ನೀಲಿ ನೀರು ಹೊಡೆದೆ. ಸ್ವಲ್ಪ ತಡೀರಿ ಅತ್ತೆ, ಅಲಗನ್ನು ಬೆಂಕಿಗೆ ಹಿಡಿಯದೆ ಇನ್ನೊಂದು ಗಿಡ ಮುಟ್ಟಬೇಡಿ, ಲ್ಯಾಬಿನಲ್ಲಿ ನಮಗೆ ಮೊದಲು ಕಲಿಸುವುದೇ ಅದು ಎಂದು ನೀನು ನನ್ನ ಹಿಂದೆ ಹಿಂದೆ ಬಂದೆ. ರಕ್ತ ಪರೀಕ್ಷೆ ಮಾಡುವವರು ತೋಟದವರಿಗೆ ಪಾಠ ಹೇಳುವ ಕಾಲ ಬಂತು ಎಂದು ನಿನ್ನ ಮಾವನ ಎದುರು ತಮಾಷೆ ಮಾಡಿದೆ. ನೀನೂ ನಕ್ಕಿದ್ದೆ, ಪಾಪ.

ಇನ್ನು ಆ ದಿನದ ಮಾತಿಗೆ ಬರುತ್ತೇನೆ.

ಆಗಸ್ಟ್ ಮೂರು, ಆಟಿ ತಿಂಗಳ ಹದಿನೆಂಟು. ಪ್ರತಿ ವರ್ಷದ ಹಾಗೆ ಮದ್ದುಸೊಪ್ಪಿನ ಪಾಯಸ ಮಾಡಿದ್ದೆವು. ಮಹಿಳಾ ಸಂಘದ ವನಜಮ್ಮ ಇನ್ನಿಬ್ಬರನ್ನು ಕರೆದುಕೊಂಡು ಬಂದಿದ್ದಳು. ಜಗಲಿ ಹತ್ತುವಾಗಲೇ, ನಿನ್ನ ಹೂಗಳಿಗೆ ಇದೇನಾಯಿತು ಪೂವಮ್ಮ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. ಈ ಸುತ್ತಿನಲ್ಲಿ ಆರ್ಕಿಡ್ ಎಂದರೆ ನನ್ನ ಹೆಸರು ಹೇಳುತ್ತಾರೆ, ಆ ಜಂಬ ನನಗಿರುವುದು ನಿನಗೆ ಗೊತ್ತು. ಮುಖಕ್ಕೆ ಹೊಡೆದ ಹಾಗಾಯಿತು. ಪಾಯಸದ ಬಟ್ಟಲುಗಳ ತಟ್ಟೆ ಹಿಡಿದು ನೀನು ಬಾಗಿಲಲ್ಲಿ ನಿಂತಿದ್ದೆ. ನಿನ್ನ ಕಡೆ ಕೈ ತೋರಿಸಿ ನಾನು ಹೇಳಿದೆ: “ಎಲ್ಲ ಇವಳ ಕೈಗುಣ. ಇವಳ ಕೈಲಿ ಒಂದು ಜೀವನೂ ನಿಲ್ಲೂದಿಲ್ಲ.”

ಈ ಒಂದು ಸಾಲು ಬರೆಯುವುದಕ್ಕೆ ಮೂರು ಸಲ ಪೆನ್ನು ಕೆಳಗಿಟ್ಟೆ.

ಜೂನ್ ಮೊದಲ ವಾರದಲ್ಲಿ, ಮೂರು ತಿಂಗಳು ತುಂಬುವ ಮೊದಲೇ, ನಿನ್ನ ಹೊಟ್ಟೆಯಲ್ಲಿದ್ದ ಮಗು ಹೋಗಿತ್ತು. ಆಟಿ ಹದಿನೆಂಟಕ್ಕೆ ಸರಿಯಾಗಿ ಎರಡು ತಿಂಗಳು. ನೀನು ಬಂದವರಿಗೆ ಬಟ್ಟಲು ಕೊಟ್ಟೆ, ಖಾಲಿಯಾದದ್ದನ್ನು ತೊಳೆದು ಕವುಚಿಟ್ಟೆ. ಮರುದಿನ ಬೆಳಿಗ್ಗೆ, ಅಮ್ಮನನ್ನು ನೋಡಿಕೊಂಡು ಬರುತ್ತೇನೆ ಅತ್ತೆ ಎಂದು ನನ್ನ ಕಾಲು ಮುಟ್ಟಿ ಹೋದೆ. ಊರಿನವರಿಗೆ ನಾನು, ಆಟಿಗೆ ತವರಿಗೆ ಹೋಗಿದ್ದಾಳೆ ಎಂದೆ. ಆಟಿಗೆ ತವರಿಗೆ ಕಳಿಸುವುದು ಹೊಸ ಮದುಮಗಳನ್ನು. ಮದುವೆಯಾಗಿ ನಾಲ್ಕು ವರ್ಷವಾದವಳಿಗೆ ಎಂಥ ಆಟಿ ಎಂದು ವನಜಮ್ಮ ಕೇಳಿದಳು. ಕೇಳದೆ ಬಿಡುವವಳಲ್ಲ ಅವಳು. ಆಟಿ ಮುಗಿದು ಸೋಣ ತಿಂಗಳು ಬಂತು, ಈಗ ಸೋಣವೂ ಮುಗಿಯುತ್ತಾ ಬಂದಿದೆ.

ಗಿಡದ ವಿಷಯಕ್ಕೆ ಆಡಿದ ಒಂದು ಮಾತಿಗೆ ಇಷ್ಟು ದಿನ ಮುನಿಸಾ ಎಂದು ಒಂದು ದಿನ ಊಟಕ್ಕೆ ಕೂತಾಗ ನಿನ್ನ ಮಾವನ ಹತ್ತಿರ ಗೊಣಗಿದೆ. ಪದ್ಮಯ್ಯನವರು ಮಾತಿಗೆ ಎಷ್ಟು ಜಿಪುಣರು ಎಂದು ನಿನಗೆ ಹೇಳಬೇಕಿಲ್ಲ. ಅನ್ನ ಕಲಸುವುದನ್ನು ನಿಲ್ಲಿಸಿ, “ಆ ಗೂಡೆ ಆಸ್ಪತ್ರೆಂದ ಬಂದ್ ಎರ್ಡ್ ತಿಂಗ ಆಗಿತ್ತ್ ಅಷ್ಟೆ. ನೀ ಎಂಥ ಹೇಳ್ದೆಂತ ನಿಂಗೆ ಗೊತ್ತುಟ್ಟಾ?” ಎಂದರು. ನೀನು ಅವರಿಗೆ ಇನ್ನೂ ‘ಗೂಡೆ’ಯೇ, ಹುಡುಗಿಯೇ. ಅಲ್ಲಿಯವರೆಗೆ ಆ ಮಾತು ನಿನಗೆ ಎಲ್ಲಿ ಹೋಗಿ ತಾಗಿರಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವರು ಕೈ ತೊಳೆದು ಎದ್ದು ಹೋದರು.

ಅದಾಗಿ ಎರಡು ದಿನಕ್ಕೆ ಮಹಡಿಯ ಕೋಣೆಗೆ ಹೋದೆ. ನೀನು ಹೋದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಪ್ರಜ್ಞೇಶ ದಿನಾ ಬೆಳಿಗ್ಗೆ ಒಂದು ಲೋಟ ನೀರು ಹಿಡಿದುಕೊಂಡು ಮೇಲೆ ಹೋಗುತ್ತಿದ್ದ. ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದಾನಾ ಎಂಬ ಹೆದರಿಕೆಯಿಂದ ಹಿಂದೆಯೇ ಹೋದದ್ದು. ಅವನು ಪೂರ್ವದ ಕಿಟಕಿಯ ಹತ್ತಿರ ನಿಂತು, ಒಂದು ಸಣ್ಣ ಕುಂಡದ ಬೇರಿಗೆ ಚಮಚದಲ್ಲಿ ನೀರು ಹಾಕುತ್ತಿದ್ದ. ಬಿಳಿ ಹೂವಿನ ಡೆಂಡ್ರೋಬಿಯಂ ಆರ್ಕಿಡ್. ಪೂರ್ತಿ ಹೋಯಿತು ಎಂದು ಜುಲೈಯಲ್ಲಿ ನಾನೇ ಗೊಬ್ಬರದ ಗುಂಡಿಗೆ ಎಸೆದದ್ದು. ನೀನು ಅದನ್ನು ಹೆಕ್ಕಿ ತಂದು, ಕಪ್ಪಾದ ಕಾಂಡವನ್ನು ಹಸಿರು ಸಿಗುವವರೆಗೆ ಕತ್ತರಿಸಿ, ಕೊಯ್ದ ಜಾಗಕ್ಕೆ ಚಕ್ಕೆಪುಡಿ ಹಚ್ಚಿ, ನಾಲ್ಕು ದಿನ ನೀರಿಲ್ಲದೆ ಒಣಗಿಸಿ, ಇದ್ದಿಲಿನಲ್ಲಿ ನೆಟ್ಟೆ ಎಂದು ಪ್ರಜ್ಞೇಶ ಅಂದು ಮಾತ್ರ ಬಾಯಿಬಿಟ್ಟು ಹೇಳಿದ. ಬೇರಿಗೆ ಮಾತ್ರ, ಬೆಳಿಗ್ಗೆ ಮಾತ್ರ, ಎಲೆಗೆ ಹನಿ ತಾಗಬಾರದು ಎಂದು ಹೇಳಿ ಹೋಗಿದ್ದೀಯಂತೆ. ಅದರ ಬುಡದಲ್ಲಿ ಎರಡು ಹೊಸ ಚಿಗುರು, ಕುಂಡದ ಅಂಚಿಗೆ ಹಸಿರು ತುದಿಯ ಬೇರು. ನನ್ನ ಚಕ್ಕೆ ಡಬ್ಬ ಯಾಕೆ ಖಾಲಿಯಾಯಿತು ಎಂದೂ ಆಗ ತಿಳಿಯಿತು.

ಆ ಕುಂಡವನ್ನೂ, ಜಗಲಿಯಿಂದ ಮೂರು ರೋಗದ ಕುಂಡಗಳನ್ನೂ ಚೀಲದಲ್ಲಿಟ್ಟುಕೊಂಡು ಗೋಣಿಕೊಪ್ಪಕ್ಕೆ ಹೋದೆ. ಮೆಣಸಿನ ತರಬೇತಿಯಲ್ಲಿ ಪರಿಚಯವಾದ ಉಷಾರಾಣಿ ಮೇಡಂ ಅಲ್ಲಿಯ ಕೃಷಿ ಕೇಂದ್ರದಲ್ಲಿದ್ದಾರೆ, ಗಿಡಗಳ ಕಾಯಿಲೆಯನ್ನೇ ಓದಿದವರು. ಮೊದಲು ಕೊಳೆತ ಚಿಗುರನ್ನು ಮೂಸಿ ನೋಡಿದರು. ನಾರಿದರೆ ಅದು ಬ್ಯಾಕ್ಟೀರಿಯಾದ್ದು, ಇದಕ್ಕೆ ವಾಸನೆಯಿಲ್ಲ, ಶಿಲೀಂಧ್ರದ ಕಪ್ಪು ಕೊಳೆ ಎಂದರು. ಯಾವುದರಲ್ಲಿ ನೆಟ್ಟಿದ್ದೀರಿ, ಎಲ್ಲಿ ತೂಗು ಹಾಕಿದ್ದೀರಿ, ಯಾವುದರಿಂದ ಕತ್ತರಿಸಿದಿರಿ ಎಂದು ಪೊಲೀಸರ ಹಾಗೆ ಕೇಳಿದರು. ಬೋರ್ಡೋ ಹೊಡೆದಿರಾ ಎಂದೂ ಕೇಳಿದರು. ಇಲ್ಲ ಎಂದೆ. ಅವರು ಎಲೆ ಕಾಂಡಕ್ಕೆ ಸೇರುವ ಸಂದನ್ನು ಬಿಡಿಸಿ ನನ್ನ ಕಡೆ ತಿರುಗಿಸಿದರು. ಅಲ್ಲಿ ನೀಲಿ ಪುಡಿ ಕೂತಿತ್ತು. ಐವತ್ತೊಂಬತ್ತನೇ ವಯಸ್ಸಿನಲ್ಲಿ, ಬೆಲ್ಲ ಕದ್ದು ಸಿಕ್ಕಿಬಿದ್ದವಳ ಹಾಗೆ ಅವರ ಎದುರು ಕೂತಿದ್ದೆ.

“ಅಮ್ಮಾ, ಇಲ್ಲಿ ಎರಡು ಕಾಯಿಲೆ ಇದೆ. ಒಂದು ಮಳೆ ತಂದದ್ದು, ಇನ್ನೊಂದು ನೀವು ಕೊಟ್ಟದ್ದು,” ಎಂದರು. ಮಳೆಯ ಕೊಳೆ ಒಂದೆರಡು ಕುಂಡಕ್ಕೆ ಬಂದಿರಬಹುದು, ಅದನ್ನು ಸಾಲು ಪೂರ್ತಿ ಹಂಚಿದ್ದು ನನ್ನ ಕತ್ತಿ. ಮೈಲುತುತ್ತು ಡೆಂಡ್ರೋಬಿಯಂ ಜಾತಿಗೆ ಆಗುವುದಿಲ್ಲವಂತೆ, ಕೊಳೆ ಬಾರದ ಗಿಡಗಳ ಎಲೆ, ಚಿಗುರು ಸುಟ್ಟದ್ದು ಅದರಿಂದ. ಆಮೇಲೆ ನಿನ್ನ ಬಿಳಿ ಗಿಡ ತೋರಿಸಿದೆ. ಕೊಯ್ದ ಜಾಗವನ್ನು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಮಾಡಿದ್ದು ಯಾರು ಎಂದರು. ನನ್ನ ಸೊಸೆ ಎಂದೆ. ಮನೆಯಲ್ಲೇ ಅವರಿರುವಾಗ ಇಷ್ಟು ದೂರ ನನ್ನ ಹತ್ತಿರ ಯಾಕೆ ಬಂದಿರಿ ಎಂದು ಕೇಳಿದರು. ಕುಂಡಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದೆ. ಬಸ್ಸಿನಲ್ಲಿ ಕೂತ ಮೇಲೆ ಅತ್ತುಬಿಟ್ಟೆ.

ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ ದಿವ್ಯಾ. ಹೊಡೆದು ಹಾಕಲು ಹೋದೆ, ಬೇಡ, ಇರಲಿ, ನಿನ್ನ ಕಣ್ಣಿಗೆ ಬೀಳಲಿ ಎಂದು ಬಿಟ್ಟೆ. ಆ ಮಾತು ನಿನಗೆ ಎಲ್ಲಿ ತಾಗಿತು ಎಂಬುದು ನಿನ್ನ ಮಾವ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಬಾಯಿಂದ ಬಿದ್ದ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತು. ನಿನ್ನ ಕೈಯಲ್ಲಿದ್ದ ತಟ್ಟೆಯಲ್ಲಿ ಬಟ್ಟಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ನಾನು ಕೇಳಿಸಿಕೊಂಡೆ. ಎದ್ದು ಬಂದು ತಟ್ಟೆ ತೆಗೆದುಕೊಳ್ಳಬಹುದಿತ್ತು. ವನಜಮ್ಮನ ಎದುರು ಸಣ್ಣವಳಾಗಲು ಮನಸ್ಸಾಗದೆ ಕೂತೇ ಇದ್ದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮಗು ಹೋದಾಗ ನನಗೂ ಸಂಕಟವಾಗಿತ್ತು. ನಿನ್ನ ಎದುರು ಅಳಬಾರದು ಎಂದು ತೋಟಕ್ಕೆ ಹೋಗಿ ಅಳುತ್ತಿದ್ದೆ. ಯಾರದ್ದೂ ತಪ್ಪಲ್ಲ, ಹೀಗೆ ಆಗುವುದುಂಟು ಎಂದು ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು. ನೀನು ಅದನ್ನು ನಂಬಲು ಕಷ್ಟಪಡುತ್ತಿದ್ದೆ. ನಾನು ನಿನ್ನ ತಲೆ ಸವರಿ ಹೌದು ಮಗಾ, ಡಾಕ್ಟರ್ ಹೇಳಿದ್ದು ಸರಿ ಎಂದಿದ್ದೆ. ಆದರೆ ಒಳಗೊಳಗೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು ನನಗೆ. ದೇವರು ಕೈಗೆ ಸಿಗಲಿಲ್ಲ, ನೀನು ಸಿಕ್ಕಿದೆ. ಗಿಡಗಳು ಒಂದು ನೆಪ. ನಿನ್ನ ಕೈಯಲ್ಲಿ ಏನೂ ದೋಷವಿಲ್ಲ. ಗಿಡಕ್ಕೆ ಕಾರಣ ಹುಡುಕಿದೆ, ಸಿಕ್ಕಿತು, ಅದು ನಾನೇ. ಮಗುವಿಗೆ ಕಾರಣವೇ ಇಲ್ಲ, ಇಲ್ಲದ್ದನ್ನು ನಿನ್ನ ತಲೆಗೆ ಕಟ್ಟಿದೆ. ನನ್ನದು ತಪ್ಪಾಯಿತು. ದೊಡ್ಡ ತಪ್ಪಾಯಿತು ಮಗಾ.

ಎಲ್ಲರ ಎದುರು ಆಡಿದ ಮಾತನ್ನು ಕಾಗದದಲ್ಲಿ ಗುಟ್ಟಾಗಿ ಹಿಂದಕ್ಕೆ ತೆಗೆದುಕೊಂಡರೆ ಅದು ನ್ಯಾಯವಲ್ಲ. ಮೊನ್ನೆ ಮಂಗಳವಾರ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಗಿಡ ಕೊಳೆಸಿದ್ದು ನಾನು, ಉಳಿಸಿದ್ದು ಅವಳು, ಅವಳು ಆಟಿಗೆ ಹೋದದ್ದಲ್ಲ, ನನ್ನ ಮಾತಿಗೆ ಹೋದದ್ದು ಎಂದೆ. ವನಜಮ್ಮ ಏನಾದರೂ ಚುಚ್ಚುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆ ತಗ್ಗಿಸಿ, ಆ ದಿನ ತಾನಾದರೂ ಬಾಯಿಬಿಡಬೇಕಿತ್ತು, ಬಿಡಲಿಲ್ಲ ಎಂದಳು. ಆಮೇಲೆ ಯಾರೂ ಅದರ ಸುದ್ದಿ ಎತ್ತಲಿಲ್ಲ, ಚಹಾ ಕುಡಿದು ಮನೆಗೆ ಬಂದೆವು.

ಈಗ ಜಗಲಿಯ ಪ್ಲಾಸ್ಟಿಕ್ ಶೀಟು ಬಿಚ್ಚಿಸಿದ್ದೇನೆ. ಕೊಳೆ ಇರುವ ಕುಂಡಗಳನ್ನು ಸೌದೆ ಕೊಟ್ಟಿಗೆಯ ಕಡೆ ಬೇರೆ ಇಟ್ಟಿದ್ದೇನೆ. ಒಂದೊಂದು ಗಿಡಕ್ಕೂ ಅಲಗನ್ನು ಗ್ಯಾಸಿನ ಉರಿಗೆ ಹಿಡಿದೇ ಮುಟ್ಟುತ್ತೇನೆ. ಅಡಿಗೆ ಮನೆಗೂ ಜಗಲಿಗೂ ಓಡಾಡಿ ಮಂಡಿ ಇನ್ನಷ್ಟು ಹಿಡಿದುಕೊಂಡಿದೆ, ಹಿಡಿಯಲಿ. ಮೇಡಂ ಕೊಟ್ಟ ಪುಡಿಯನ್ನು ಅವರು ಬರೆದುಕೊಟ್ಟ ಅಳತೆಯಲ್ಲೇ ಕಲಸುತ್ತೇನೆ, ಒಂದು ಚಿಟಿಕೆ ನನ್ನ ಬುದ್ಧಿ ಸೇರಿಸುವುದಿಲ್ಲ. ಹನ್ನೊಂದು ದಿನದಿಂದ ಹೊಸ ಕಲೆ ಕಂಡಿಲ್ಲ. ಒಂಬತ್ತು ಉಳಿದಿವೆ. ನಿನ್ನದನ್ನು ಸೇರಿಸಿದರೆ ಹತ್ತು.

ಪ್ರಜ್ಞೇಶ ವಿರಾಜಪೇಟೆಯಲ್ಲಿ ಬಾಡಿಗೆ ಮನೆ ನೋಡುತ್ತಿದ್ದಾನೆ ಎಂದು ನಿನ್ನ ಮಾವನಿಂದ ತಿಳಿಯಿತು. ನೀವಿಬ್ಬರೂ ಹಾಗೆ ಗಟ್ಟಿ ಮಾಡಿಕೊಂಡಿದ್ದರೆ ನಾನು ಅಡ್ಡ ಬರುವುದಿಲ್ಲ. ಪಾತ್ರೆ ಪಗಡಿ ನಾನೇ ತೆಗೆದುಕೊಡುತ್ತೇನೆ. ಮನಸ್ಸಿನಲ್ಲಿ ಇರುವುದನ್ನು ಕೇಳುತ್ತೀಯಾದರೆ, ನೀನು ಈ ಮನೆಗೇ ಬರಬೇಕು ಎಂದು ಆಸೆ. ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ. ನನ್ನ ಮಾತಿಗೆ ಎದುರು ಮಾತಾಡದೆ, ಆದರೆ ಸರಿ ಕಂಡದ್ದನ್ನು ಬಿಡದೆ ಮಾಡುವವರು ಈ ಮನೆಯಲ್ಲಿ ನೀನೊಬ್ಬಳೇ. ನೀನು ಬಂದರೂ ಬಾರದಿದ್ದರೂ, ತಪ್ಪು ನಿನ್ನದಲ್ಲ ಎನ್ನುವುದನ್ನು ಮಾತ್ರ ನಂಬು. ನಿನ್ನ ಅಮ್ಮ ಮಹಾದೇವಮ್ಮನವರಿಗೆ ಈ ಕಾಗದ ಓದಿ ಹೇಳು. ಮಗಳಿಗೆ ಹೀಗೆ ಅಂದವಳ ಮೇಲೆ ತಾಯಿಗೆ ಎಷ್ಟು ಉರಿದಿರಬೇಕು ಎಂದು ನನಗೆ ಗೊತ್ತಾಗುತ್ತದೆ. ಅವರು ಬೈದರೆ ಬೈಯಲಿ, ಕೇಳಿಸಿಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ಬಿಡಬೇಡ.

ನಿನ್ನ ಮೇಲೆ ಜೀವ ಇಟ್ಟುಕೊಂಡೂ ನಾಲಿಗೆ ಹಿಡಿಯಲಾರದೆ ಹೋದ,
ನಿನ್ನ ಅತ್ತೆ
ಪೂವಮ್ಮ

ಮತ್ತೆ ಬರೆದದ್ದು, ಶುಕ್ರವಾರ ಮಧ್ಯಾಹ್ನ ಎರಡೂವರೆ: ಇದನ್ನು ಅಂಚೆಗೆ ಹಾಕಲೆಂದು ಬೆಳಿಗ್ಗೆ ವಿರಾಜಪೇಟೆಗೆ ಹೋದೆ. ಅಂಚೆ ಕಚೇರಿಗೆ ಹೋಗದೆ ಕುಶಾಲನಗರದ ಬಸ್ಸು ಹತ್ತಿದೆ. ಈಗ ನಿಮ್ಮೂರಿನ ಬಸ್ ತಂಗುದಾಣದಲ್ಲಿ ಕೂತಿದ್ದೇನೆ. ನಿಮ್ಮ ಮನೆಯ ಹೆಂಚು ಇಲ್ಲಿಂದಲೇ ಕಾಣುತ್ತದೆ, ಆದರೆ ಬಾಗಿಲವರೆಗೆ ಬರಲು ಧೈರ್ಯ ಸಾಲಲಿಲ್ಲ. ಹುಲ್ಲಿನ ಹೊರೆ ಹೊತ್ತು ನಿಮ್ಮ ಬೀದಿಗೇ ಹೋಗುವ ಹೆಂಗಸೊಬ್ಬರು ಕೊಡಿ, ಮುಟ್ಟಿಸುತ್ತೇನೆ ಎಂದು ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ವಾಪಸ್ ಬಸ್ಸು ನಾಲ್ಕೂವರೆಗಂತೆ. ನೀನು ಬಾರದಿದ್ದರೆ ಅದಕ್ಕೆ ಹೋಗುತ್ತೇನೆ, ಬೇಜಾರು ಮಾಡಿಕೊಳ್ಳುವುದಿಲ್ಲ. ಬರುವುದಾದರೆ ಓಡಬೇಡ, ದಾರಿ ಕೆಸರಾಗಿದೆ. ನಾನು ಇಲ್ಲೇ ಇರುತ್ತೇನೆ.